ನಲವತ್ತೇಳನೇ ನಂಬರಿನ ಗೋಡೆ

“ಯಾರೇ ಅದು, ಗೋಡೆ ಹತ್ರ?”

ಕಿಟಕಿಯೊಳಗಿಂದ ದನಿ ಬಂದದ್ದೇ ತಡ, ಚೈತ್ರಳ ಬೆರಳು ಬಟನ್ ಒತ್ತಿಬಿಟ್ಟಿತು. ಕ್ಯಾಮೆರಾ ಕ್ಲಿಕ್ ಎಂದಿತು. ಅವಳು ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

“ನಾನು ಅಜ್ಜಿ, ಚೈತ್ರ.”

“ಯಾವ ಚೈತ್ರ?”

“ಅಂಗನವಾಡಿ ಆಯಮ್ಮನ ಮಗಳು.”

ವೆಂಕಟರತ್ನಮ್ಮ ಕಿಟಕಿಯ ಸರಳಿಗೆ ಮುಖ ತಂದು ನೋಡಿದರು. “ಸಂದೀಲಿ ಏನೇ ಕೆಲಸ ನಿಂಗೆ? ಹೊಸಾ ಬಣ್ಣ ಕಣೇ. ಕೈಗಿಯ್ ಇಟ್ಬಿಟ್ಟೀಯ.”

“ಇಲ್ಲ ಅಜ್ಜಿ. ಬಾಲ್ ಬಂದು ಬಿತ್ತು. ತಗೊಂಡು ಹೋಗ್ತೀನಿ.”

ಬಾಲೂ ಇರಲಿಲ್ಲ, ಆಟವೂ ಇರಲಿಲ್ಲ. ಚೈತ್ರ ಬಗ್ಗಿ ಏನೋ ಎತ್ತಿಕೊಂಡಂತೆ ಮಾಡಿ ಸಂದಿಯಿಂದ ಆಚೆ ಓಡಿದಳು.

ಬೇವಿನ ಮರದ ಹತ್ತಿರ ನಿಂತು ಕ್ಯಾಮೆರಾ ನೋಡಿದಳು. ಅದರ ಹಿಂಬದಿಯ ಪರದೆ ಎರಡು ಬೆರಳಿನಷ್ಟು ಅಗಲ. ಅದರ ತುಂಬ ಪಿಸ್ತಾ ಹಸಿರು. ಬಿರುಕಿಲ್ಲ, ಕಲೆಯಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಕ್ಯಾಮೆರಾ ತಿರುಮಲೇಶ್ ಸಾರ್ ಅವರದು. ಅವರು ಬುಧವಾರ ಮತ್ತು ಶನಿವಾರ ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಬಂದು ಸಾದಲಿಯ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಶಾಲೆಯಲ್ಲಿ ನಾಲ್ಕು ಕಂಪ್ಯೂಟರ್ ಇದ್ದವು. ಒಂದು ಕೆಟ್ಟಿತ್ತು. ಏಳನೇ ಕ್ಲಾಸಿನ ಹನ್ನೆರಡು ಮಕ್ಕಳು ಉಳಿದ ಮೂರರ ಮುಂದೆ ನಾಲ್ಕು ನಾಲ್ಕು ಜನ ಕೂರುತ್ತಿದ್ದರು.

ಹದಿನೈದು ದಿನದ ಹಿಂದೆ ಸಾರ್ ಒಂದು ಟೂತ್‌ಪೇಸ್ಟಿನ ಡಬ್ಬಿ ತಂದಿದ್ದರು.

“ಇದನ್ನ ಪೂರ್ತಿ ಬಿಚ್ಚಿದ್ರೆ ಏನಾಗುತ್ತೆ?”

“ಹರಿದುಹೋಗುತ್ತೆ ಸಾರ್,” ಅಂದ ಸುನೀಲ್‌ಕುಮಾರ್. ಎಲ್ಲರೂ ನಕ್ಕರು.

ಸಾರ್ ಅಂಟು ಬಿಡಿಸಿ, ಡಬ್ಬಿಯನ್ನು ಒಂದೇ ಹಾಳೆಯಾಗಿ ಮೇಜಿನ ಮೇಲೆ ಹರಡಿದರು. “ನೋಡಿ. ಡಬ್ಬಿ ಅಂದ್ರೆ ಬರೀ ಆಕಾರ. ಬಣ್ಣ, ಹೆಸರು, ಚಿತ್ರ ಎಲ್ಲಾ ಹಾಳೆ ಮೇಲಿದೆ. ಕಂಪ್ಯೂಟರ್‌ನಲ್ಲಿ ಮನೆ ಕಟ್ಟೋದೂ ಹಿಂಗೇ. ಮೊದಲು ಬೂದು ಬಣ್ಣದ ಡಬ್ಬಿ ಮಾಡ್ತೀವಿ. ಆಮೇಲೆ ಗೋಡೆ ಫೋಟೋ ತಗೊಂಡು ಅದಕ್ಕೆ ಸುತ್ತಿ ಅಂಟಿಸ್ತೀವಿ. ಆ ಫೋಟೋಗೆ ಟೆಕ್ಸ್‌ಚರ್ ಅಂತಾರೆ. ಸುತ್ತೋ ಕೆಲಸಕ್ಕೆ ಟೆಕ್ಸ್‌ಚರ್ ಮ್ಯಾಪಿಂಗ್ ಅಂತಾರೆ.”

“ನೋಟ್‌ಬುಕ್‌ಗೆ ಬೈಂಡ್ ಹಾಕ್ದಂಗೆ ಅಲ್ವಾ ಸಾರ್?” ಅಂದಳು ಚೈತ್ರ.

“ಅದೇ. ಕರೆಕ್ಟಾಗಿ ಹೇಳ್ದೆ ನೋಡಮ್ಮ.”

“ಒಳಗೆ ಏನಿರುತ್ತೆ ಸಾರ್?”

“ಒಳಗೆ ಏನೂ ಇರಲ್ಲ. ಖಾಲಿ.”

ಎಲ್ಲರೂ ತಮ್ಮ ತಮ್ಮ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಬೇಕು. ಶನಿವಾರದ ಪೋಷಕರ ಸಭೆಯಲ್ಲಿ ಅದನ್ನು ದೊಡ್ಡದಾಗಿ ತೋರಿಸುತ್ತಾರೆ. ಚೆನ್ನಾಗಿರುವ ಒಂದು ಮನೆ ಚಿಕ್ಕಬಳ್ಳಾಪುರದ ಪ್ರದರ್ಶನಕ್ಕೆ ಹೋಗುತ್ತದೆ. ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಯ ಮೊದಲ ಪ್ರದರ್ಶನ.

“ಒಂದೇ ಕಂಡೀಷನ್,” ಅಂದಿದ್ದರು ಸಾರ್. “ನಿಮ್ಮ ನಿಮ್ಮ ಮನೆ ಗೋಡೇನೇ ಇರ್ಬೇಕು. ಎಲ್ಲಿಂದಾನೋ ತಂದ ಗೋಡೆ ನಡೆಯಲ್ಲ.”

ದಿನಕ್ಕೆ ಒಬ್ಬರಂತೆ ಕ್ಯಾಮೆರಾ ಮನೆಗೆ ಒಯ್ಯುತ್ತಿದ್ದರು. ಈ ಸಂಜೆ ಚೈತ್ರಳ ಸರದಿ.

ಚೈತ್ರಳ ಮನೆ ಊರಾಚೆ, ಹಿಪ್ಪುನೇರಳೆ ತೋಟದ ಪಕ್ಕ ಇತ್ತು. ಮೇಲೆ ಶೀಟು. ಅರ್ಧ ಮನೆಯಲ್ಲಿ ಜನ, ಅರ್ಧ ಮನೆಯಲ್ಲಿ ರೇಷ್ಮೆ ಹುಳ. ಗೋಡೆಗೆ ಸುಣ್ಣ ಹೊಡೆದು ಮೂರು ವರ್ಷವಾಗಿತ್ತು. ಕೆಳಗಡೆ ಮಳೆನೀರು ಎರಚಿದ ಕೆಂಪು ಕಲೆ. ನಡುವೆ ಒಂದು ಬಿರುಕು. ಬಾಗಿಲ ಪಕ್ಕ, ಹುಳ ಯಾವತ್ತು ಯಾವ ಜ್ವರಕ್ಕೆ ಕೂತಿತು ಎಂದು ಅಪ್ಪ ಇದ್ದಿಲಲ್ಲಿ ಬರೆದ ಲೆಕ್ಕ. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ಬಿಟ್ಟು ಸುಮ್ಮನೆ ಮಲಗುವುದಕ್ಕೆ ಅಲ್ಲಿ ಎಲ್ಲರೂ ಜ್ವರ ಅಂತಾರೆ.

ಒಮ್ಮೆ ಸುನೀಲ್‌ಕುಮಾರ್ ನೋಟ್ಸ್ ಕೇಳಿಕೊಂಡು ಅಲ್ಲಿಗೆ ಬಂದಿದ್ದ. ಅವನ ಅಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರ್. ಗೌರಿಬಿದನೂರಿನಿಂದ ಟ್ರಾನ್ಸ್‌ಫರ್ ಆಗಿ ಬಂದವರು. ಬಾಗಿಲಲ್ಲೇ ನಿಂತು ಅವನು ಮೂಗು ಹಿಡಿದುಕೊಂಡಿದ್ದ.

“ಥೂ, ಏನೇ ಇದು ವಾಸನೆ? ಹೆಂಗೇ ಮಲಗ್ತೀರ ಇಲ್ಲಿ?”

ಮಾರನೇ ದಿನ ಕ್ಲಾಸಿನಲ್ಲಿ ಹೇಳಿದ್ದ: “ಚೈತ್ರ ಅವ್ರ ಮನೇಲಿ ಮನುಷ್ಯರಿಗಿಂತ ಹುಳಾನೇ ಜಾಸ್ತಿ ಕಣ್ರೋ!”

ಎಲ್ಲರೂ ನಕ್ಕಿದ್ದರು. ನಕ್ಕವರಲ್ಲಿ ಅರ್ಧ ಜನರ ಮನೆಯಲ್ಲೂ ಹುಳ ಇದ್ದವು. ಚೈತ್ರಳೂ ನಕ್ಕಿದ್ದಳು. ಅದನ್ನು ನೆನೆಸಿಕೊಂಡರೆ ಈಗಲೂ ಅವಳ ಕಿವಿ ಬಿಸಿಯಾಗುತ್ತಿತ್ತು.

ಮನೆ ಹತ್ತಿರ ಬಂದಾಗ ಅವಳ ಕಾಲು ನಿಂತುಹೋಯಿತು.

ಗೋಡೆಗೆ ಒರಗಿಸಿಟ್ಟಿದ್ದ ಚಂದ್ರಿಕೆಗಳು, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ದೊಡ್ಡ ತಟ್ಟೆಗಳು, ಆ ಕಡೆ ಹೋಗಿದ್ದವು. ಅಂಗಳ ಗುಡಿಸಿತ್ತು. ಗೋಡೆಯ ಕೆಳಗಿನ ಕೆಂಪು ಕಲೆಯನ್ನು ಯಾರೋ ಒದ್ದೆ ಬಟ್ಟೆಯಲ್ಲಿ ತಿಕ್ಕಿದ್ದರು. ಕಲೆ ಹೋಗಿರಲಿಲ್ಲ. ಇನ್ನಷ್ಟು ಹರಡಿತ್ತು.

ಅಮ್ಮ ಮುನಿಲಕ್ಷ್ಮಿ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. “ಬಂದ್ಯಾ? ಬೇಗ ತೆಗಿ, ಬೆಳಕು ಹೋಗುತ್ತೆ. ನಾನೂ ನಿಂತ್ಕೊಬೇಕಾ?”

“ಆಯ್ತಮ್ಮ. ತೆಗೆದೆ.”

“ಯಾವಾಗ?”

“ಆಗ್ಲೇ ಬಂದಿದ್ದೆ. ನೀನು ಒಳಗೆ ಸೊಪ್ಪು ಹಾಕ್ತಿದ್ದೆ.”

“ನಂಗೆ ಗೊತ್ತೇ ಆಗ್ಲಿಲ್ವಲ್ಲೇ. ಎಲ್ಲಿ, ತೋರ್ಸು.”

“ಬ್ಯಾಟರಿ ಮುಗಿದೋಗಿದೆ.”

ಅಮ್ಮ ಗೋಡೆಯನ್ನು ಒಮ್ಮೆ ನೋಡಿದಳು. “ಚಂದ್ರಿಕೆ ತೆಗೆದ ಮೇಲೆ ತಾನೇ ತೆಗೆದಿದ್ದು?”

“ಹೂಂ.”

“ಸದ್ಯ,” ಅಂದು ಅಮ್ಮ ಒಳಗೆ ಹೋದಳು.

ಮುನಿಲಕ್ಷ್ಮಿ ಅಂಗನವಾಡಿಯಲ್ಲಿ ಆಯಾ. ಪೋಲಿಯೋ ಹನಿ ಹಾಕುವ ದಿನ ಬಂದರೆ ನರ್ಸಮ್ಮನ ಜೊತೆ ಮನೆ ಮನೆ ಸುತ್ತುತ್ತಾಳೆ. ನರ್ಸಮ್ಮ ಹನಿ ಹಾಕುತ್ತಾರೆ. ಅಮ್ಮ ಸೀಮೆಸುಣ್ಣದಲ್ಲಿ ಆ ಮನೆಯ ಗೋಡೆ ಮೇಲೆ ಗುರುತು ಬರೆಯುತ್ತಾಳೆ. ಎಲ್ಲ ಮಕ್ಕಳಿಗೂ ಹನಿ ಆಗಿದ್ದರೆ ಇಂಗ್ಲಿಷಿನ ‘ಪಿ’. ಒಂದು ಮಗು ಬಿಟ್ಟುಹೋದರೂ ‘ಎಕ್ಸ್’. ಪಕ್ಕದಲ್ಲಿ ಮನೆಯ ನಂಬರು. ಊರಿನಲ್ಲಿ ಅಂಥ ಗುರುತಿಲ್ಲದ ಮನೆಯೇ ಇಲ್ಲ. ಅದಕ್ಕೇ ಯಾರ ಕಣ್ಣೂ ಅದರ ಮೇಲೆ ನಿಲ್ಲುವುದಿಲ್ಲ.

ಹೋದ ತಿಂಗಳು ವೆಂಕಟರತ್ನಮ್ಮನ ಮನೆಯಲ್ಲಿ ಜಗಳವೇ ಆಗಿತ್ತು. ಸೊಸೆ ಕವಿತ ಕೂಸನ್ನು ಕರೆದುಕೊಂಡು ಚಿಂತಾಮಣಿಯ ತವರಿಗೆ ಹೋಗಿದ್ದಳು.

“ಅಲ್ಲೇ ಹಾಕಿಸಿರ್ತಾಳೆ. ನೀನು ಪಿ ಬರ್ಕೊಂಡು ಹೋಗಮ್ಮಾ,” ಅಂದಿದ್ದರು ವೆಂಕಟರತ್ನಮ್ಮ.

“ನಾನು ಕಣ್ಣಾರೆ ನೋಡಿಲ್ಲ ಅಮ್ಮ. ಎಕ್ಸೇ ಬರೀಬೇಕು.”

“ಹೊಸಾ ಬಣ್ಣದ ಗೋಡೆಗೆ ಎಕ್ಸಾ? ನಮ್ಮನೆ ಮೇಲೆ? ಏಮಿ ಧೈರ್ಯಂ ನಿಂಗೆ!”

“ಮುಂದಿನ ಗೋಡೆ ಬೇಡ ಅಂದ್ರೆ ಸಂದಿ ಕಡೆ ಬರೀತೀನಿ. ಆದ್ರೆ ಎಕ್ಸೇ ಬರಿಯೋದು.”

ಹಾಗೇ ಬರೆದು ಬಂದಿದ್ದಳು. ನಾಲ್ಕು ದಿನ ಬಿಟ್ಟು ಕೂಸು ಬಂದಾಗ ನರ್ಸಮ್ಮನನ್ನು ಕರೆದುಕೊಂಡು ಹೋಗಿ ಹನಿ ಹಾಕಿಸಿ, ಎಕ್ಸನ್ನು ಅಂಗೈಯಲ್ಲಿ ಉಜ್ಜಿ ಅಳಿಸಿ ಅದರ ಮೇಲೇ ಪಿ ಬರೆದಿದ್ದಳು. ಆ ದಿನ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿ ಅಮ್ಮ ಬಹಳ ನಕ್ಕಿದ್ದಳು. ಚೈತ್ರ ಅರ್ಧ ಕೇಳಿಸಿಕೊಂಡಿದ್ದಳು.

ಬುಧವಾರ ಚೈತ್ರ ಬೂದು ಡಬ್ಬಿಗೆ ಹಸಿರು ಗೋಡೆ ಸುತ್ತಿದಳು.

ಇಷ್ಟಗಲದ ಫೋಟೋವನ್ನು ಅವಳು ಹಿಡಿದು ಎಳೆದು ಇಡೀ ಮನೆಗೆ ಸಾಲುವ ಹಾಗೆ ಮಾಡಿದಳು. ಮೂಲೆ ಮೂಲೆಗೆ ಕರೆಕ್ಟಾಗಿ ಕೂತಿತು. ಉಳಿದವರ ಮನೆಗಳಲ್ಲಿ ಗೋಡೆ ಸೇರುವ ಕಡೆ ಬೂದು ಗೀರು ಕಾಣುತ್ತಿತ್ತು. ಅವಳದರಲ್ಲಿ ಕಾಣಲಿಲ್ಲ. ಒಂದು ಕೊನೆಯಲ್ಲಿ ಬೆಳ್ಳಗೆ ಏನೋ ಮೋಡದಂತೆ ಹರಡಿತ್ತು, ಅಷ್ಟೇ.

“ಬಣ್ಣ ಯಾವಾಗ ಹಚ್ಚಿಸಿದ್ರೇ?” ಕೇಳಿದ ಸುನೀಲ್‌ಕುಮಾರ್. ಅವನು ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಬಂದಿದ್ದ.

“ಸಂಕ್ರಾಂತಿಗೆ.”

“ಸೂಪರಾಗಿದೆ ಕಣೇ.”

ಅವನು ಹಾಗೆ ಅಂದದ್ದು ಅವಳಿಗೆ ಖುಷಿಯಾಯಿತು. ನಿಜವಾಗಿ ಖುಷಿಯಾಯಿತು. ಸಂಜೆ ಮನೆಗೆ ಹೋಗುವಾಗ ಹಾಡು ಗುನುಗುತ್ತಿದ್ದಳು.

ಶನಿವಾರ ಮಧ್ಯಾಹ್ನ ಪೋಷಕರ ಸಭೆ. ಏಳನೇ ಕ್ಲಾಸಿನ ಕಪ್ಪು ಹಲಗೆಗೆ ಬಿಳಿ ಪಂಚೆ ಕಟ್ಟಿದ್ದರು. ತಿರುಮಲೇಶ್ ಸಾರ್ ಯಾರದೋ ಪ್ರೊಜೆಕ್ಟರ್ ಕೇಳಿ ತಂದಿದ್ದರು. ಕಿಟಕಿಗಳಿಗೆ ಗೋಣಿಚೀಲ ಇಳಿಬಿಟ್ಟಿದ್ದರು. ಪೋಷಕರು ಬೆಂಚಿನ ಮೇಲೆ, ಮಕ್ಕಳು ನೆಲದ ಮೇಲೆ. ಅಮ್ಮ ಮದುವೆಗೆ ಉಡುವ ನೀಲಿ ಸೀರೆ ಉಟ್ಟು ಮೂರನೇ ಬೆಂಚಿನಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ಕೊಂಡಮ್ಮ ಇದ್ದಳು. ಅವಳು ಹತ್ತಿರದ ಹಳ್ಳಿಯಿಂದ ಮಗನ ಸಲುವಾಗಿ ಬಂದವಳು.

ಅಮ್ಮ ಬರುವುದಿಲ್ಲ ಎಂದುಕೊಂಡಿದ್ದಳು ಚೈತ್ರ. ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಸೊಪ್ಪು ಹಾಕಿ ಮುಗಿಯದಷ್ಟು ಕೆಲಸ.

ಒಂದೊಂದೇ ಮನೆ ಪಂಚೆಯ ಮೇಲೆ ಬಂತು. ಸಾರ್ ಮೌಸ್ ಆಡಿಸಿದರೆ ಮನೆ ಸುತ್ತಲೂ ತಿರುಗುತ್ತಿತ್ತು. ಪೋಷಕರು “ಅಯ್ಯೋ, ನಮ್ಮ ತುಳಸಿಕಟ್ಟೆ!” “ನಮ್ಮ ಮೀಟರ್ ಬಾಕ್ಸು ನೋಡು!” ಎಂದು ಕೂಗುತ್ತಿದ್ದರು.

“ಇದು ಚೈತ್ರ ಅವರ ಮನೆ,” ಅಂದರು ಸಾರ್.

ಹಸಿರು ಮನೆ ಬಂತು. ಚೈತ್ರ ನೆಲ ನೋಡಿದಳು. ಅಮ್ಮ ಏನೂ ಹೇಳದಿದ್ದರೆ ಸಾಕು. ಆಮೇಲೆ ಅಮ್ಮ ಕೇಳಿದರೆ ‘ಬಣ್ಣ ಕಂಪ್ಯೂಟರಿನಲ್ಲಿ ಹಚ್ಚಿದ್ದು’ ಅನ್ನಬಹುದು. ಅದನ್ನೂ ಯೋಚಿಸಿಟ್ಟುಕೊಂಡಿದ್ದಳು.

“ಎಲ್ಲರಿಗಿಂತ ನೀಟಾಗಿ ಸುತ್ತಿದ್ದಾಳೆ. ಆದ್ರೆ ಒಂದು ತೊಂದರೆ ಇದೆ,” ಅಂದರು ಸಾರ್. “ಸಣ್ಣ ಫೋಟೋನ ಬಹಳ ಎಳೆದಿದ್ದಾಳೆ. ಅದಕ್ಕೆ ಹತ್ರ ಹೋದ್ರೆ ಮಸುಕು ಮಸುಕು. ಇದಕ್ಕೆ ಇನ್ನೊಂದು ದಾರಿ ಇದೆ. ಫೋಟೋನ ಚಿಕ್ಕದಾಗೇ ಇಟ್ಟು, ನೆಲಕ್ಕೆ ಟೈಲ್ಸ್ ಜೋಡಿಸ್ತಾರಲ್ಲ, ಹಂಗೆ ಪಕ್ಕ ಪಕ್ಕ ಜೋಡಿಸ್ತಾ ಹೋಗೋದು. ನಾವು ಜೋಡಿಸ್ಬೇಕಾಗಿಲ್ಲ, ಕಂಪ್ಯೂಟರೇ ಮಾಡುತ್ತೆ. ನೋಡಿ ಈಗ.”

ಸಾರ್ ಒಂದು ಬಟನ್ ಒತ್ತಿದರು.

ಗೋಡೆ ಒಮ್ಮೆಲೇ ಸ್ಪಷ್ಟವಾಯಿತು. ಬಣ್ಣದ ಬ್ರಷ್ಷಿನ ಗೆರೆ ಕೂಡ ಕಂಡಿತು. ಅದರ ಜೊತೆ ಬೆಳ್ಳಗಿನ ಅಕ್ಷರಗಳೂ ಎದ್ದವು. ಪಿ, ನಲವತ್ತೇಳು. ಪಿ, ನಲವತ್ತೇಳು. ಪಿ, ನಲವತ್ತೇಳು. ಸಾಲಿಗೆ ಎಂಟು. ಅಂಥ ಐದು ಸಾಲು. ಸಾರ್ ಮನೆ ತಿರುಗಿಸಿದರು. ನಾಲ್ಕೂ ಗೋಡೆಯ ಮೇಲೆ ಅದೇ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ನಗು ಎದ್ದಿತು.

“ಪೋಲಿಯೋ ಗುರುತು ಕಣ್ರೋ!”

“ಸಾರ್, ಆ ಮನೇಲಿ ಎಷ್ಟು ಮಕ್ಳಿಗೆ ಹನಿ ಹಾಕಿದ್ರು?” ಸುನೀಲ್‌ಕುಮಾರ್ ಕೂಗಿದ. ಬೆಂಚುಗಳೂ ಅಲುಗಾಡುವಂತೆ ಜನ ನಕ್ಕರು.

ಸಾರ್ ಕೂಡ ನಕ್ಕರು. “ಟೈಲ್ಸ್ ಥರ ಜೋಡಿಸಿದ್ರೆ ಇದೇ ಕಷ್ಟ. ಫೋಟೋ ಮೂಲೇಲಿ ಎಷ್ಟೇ ಸಣ್ಣದಿದ್ರೂ ಎಲ್ಲಾ ಕಡೆ ಬಂದ್ಬಿಡುತ್ತೆ.”

ಚೈತ್ರ ತಿರುಗಿ ಅಮ್ಮನನ್ನು ನೋಡಿದಳು.

ಅಮ್ಮ ನಗುತ್ತಿರಲಿಲ್ಲ. ಮುಂದೆ ಬಾಗಿ ಪಂಚೆಯನ್ನೇ ನೋಡುತ್ತಿದ್ದಳು. ಆಗ ಚೈತ್ರಳಿಗೂ ಅದು ಕಾಣಿಸಿತು. ಒಂದೊಂದು ಪಿ ಕೆಳಗೂ ಅಂಗೈಯಲ್ಲಿ ಉಜ್ಜಿದ ಗುರುತು. ಉಜ್ಜಿದರೂ ಪೂರ್ತಿ ಹೋಗದ ಎಕ್ಸು. ಊರಿನಲ್ಲಿ ಎಕ್ಸ್ ಅಳಿಸಿ ಪಿ ಬರೆದ ಗೋಡೆ ಒಂದೇ ಇತ್ತು. ಬರೆದ ಕೈ ಅಮ್ಮನದು. ನಲವತ್ತೇಳರ ಏಳಕ್ಕೆ ಅಮ್ಮ ಹಾಕುವ ಉದ್ದ ಬಾಲ ಸಹ ಅಲ್ಲೇ ಇತ್ತು.

ಚೈತ್ರಳ ಮನೆ ಐವತ್ತೆರಡು.

“ಏನ್ ಮುನಿಲಕ್ಷ್ಮಮ್ಮ, ಮನೆಗೆ ಬಣ್ಣ ಹಚ್ಚಿಸ್ಬಿಟ್ರಾ? ಹೇಳ್ಲೇ ಇಲ್ಲ ನೋಡಿ!” ಅಂದಳು ಕೊಂಡಮ್ಮ, ಎಲ್ಲರಿಗೂ ಕೇಳುವ ಹಾಗೆ.

ಹೆಡ್‌ಮಾಸ್ಟರ್ ಚನ್ನಕೇಶವ ಅವರು ಮುಂದಿನ ಕುರ್ಚಿಯಿಂದ ತಿರುಗಿದರು. “ಓ, ನಮ್ಮ ಅಂಗನವಾಡಿಯವರ ಮನೇನಾ ಇದು? ಚೆನ್ನಾಗಿದೆಯಲ್ಲಮ್ಮ. ನಿಮ್ಮನೇನೇ ತಾನೇ?”

ಪ್ರೊಜೆಕ್ಟರಿನ ಫ್ಯಾನು ಗುಂಯ್ ಅನ್ನುತ್ತಿತ್ತು. ಅಮ್ಮ ಪಂಚೆ ನೋಡಿದಳು. ನೆಲದ ಮೇಲೆ ಕೂತಿದ್ದ ಚೈತ್ರಳನ್ನು ನೋಡಿದಳು.

“ಹೂಂ ಸಾರ್,” ಅಂದಳು. “ನಮ್ಮನೇನೇ.”

ಕೊನೆಯಲ್ಲಿ ಸಾರ್ ಹೆಸರು ಓದಿದರು. ಪೋಲಿಯೋ ಗುರುತು ತೆಗೆದರೆ ಚೈತ್ರಳ ಮನೆಯೇ ಚೆನ್ನಾಗಿದೆ, ಅದನ್ನೇ ಪ್ರದರ್ಶನಕ್ಕೆ ಕಳಿಸೋಣ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮನೂ ತಟ್ಟಿದಳು. ಅವಳ ಅಂಗೈಗಳು ಒಂದಕ್ಕೊಂದು ತಾಗಿದವು, ಸದ್ದು ಬರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅಮ್ಮ ಮುಂದೆ, ಚೈತ್ರ ಹಿಂದೆ. ಬೈದರೆ ಏನು ಹೇಳಬೇಕೆಂದು ಚೈತ್ರ ಜೋಡಿಸಿಕೊಳ್ಳುತ್ತಿದ್ದಳು. ಅಮ್ಮ ಬೈಯಲಿಲ್ಲ.

ದಾರಿಯಲ್ಲಿ ವೆಂಕಟರತ್ನಮ್ಮನ ಮನೆ ಬಂತು. ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಏಮ್ಮಾ ಮುನಿಲಕ್ಷ್ಮಿ, ಮೀಟಿಂಗ್ ಮುಗೀತಾ? ಮಗಳು ಕಂಪ್ಯೂಟರ್‌ನಲ್ಲಿ ಮನೆ ಕಟ್ಟಿದ್ಲಂತೆ?”

“ಹೂಂ ಅಮ್ಮ.”

“ಹೆಂಗಿತ್ತು?”

ಅಮ್ಮ ಆಗಲೇ ತಲೆ ತಗ್ಗಿಸಿದ್ದಳು. ಅವಳ ಕಣ್ಣು ತನ್ನ ಚಪ್ಪಲಿಯ ಮೇಲಿತ್ತು. ಹೋದ ತಿಂಗಳು ಇದೇ ಜಗಲಿಯ ಮುಂದೆ ನಿಂತು “ಎಕ್ಸೇ ಬರಿಯೋದು” ಅಂದಿದ್ದವಳು.

“ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು. ಬರ್ತೀನಿ ಅಮ್ಮ,” ಅಂದು ಅಮ್ಮ ಬೇಗ ಬೇಗ ಹೆಜ್ಜೆ ಹಾಕಿದಳು.

ಚೈತ್ರ ಹಿಂದೆಯೇ ಓಡಿದಳು. ಅಮ್ಮ ಬೈದಿದ್ದರೆ ಚೆನ್ನಾಗಿರುತ್ತಿತ್ತು. ಎರಡು ಏಟು ಕೊಟ್ಟಿದ್ದರೂ ಚೆನ್ನಾಗಿರುತ್ತಿತ್ತು.

ಮನೆಯಲ್ಲಿ ಅಪ್ಪ ನಾಗರಾಜ್ ಸೊಪ್ಪು ಹರಡುತ್ತಿದ್ದ. ಹುಳಗಳು ತಿನ್ನುವ ಸದ್ದು ಶೀಟಿನ ಮೇಲೆ ತುಂತುರು ಬಿದ್ದಂತೆ ಕೇಳುತ್ತಿತ್ತು.

“ಏನಂತೆ ಮೀಟಿಂಗು? ನಮ್ಮನೆ ಹೆಂಗೆ ಕಾಣಿಸ್ತು?”

“ಅವಳನ್ನೇ ಕೇಳು,” ಅಂದಳು ಅಮ್ಮ. ಸೀರೆ ಬದಲಾಯಿಸಲು ಒಳಗೆ ಹೋದಳು.

ಅಪ್ಪ ಚೈತ್ರಳ ಕಡೆ ತಿರುಗಿದ. “ಹೆಂಗಿತ್ತಮ್ಮ?”

“ದೊಡ್ಡದಾಗಿ ಕಾಣಿಸ್ತು,” ಅಂದಳು ಚೈತ್ರ. ಸೊಪ್ಪಿನ ಮಂಕರಿ ಎತ್ತಿಕೊಂಡು ಆಚೆ ಹೋದಳು.

ತಿರುಮಲೇಶ್ ಸಾರ್ ಬರುವುದು ಇನ್ನು ಬುಧವಾರ. ನಾಲ್ಕು ದಿನ ಇತ್ತು. ಆ ನಾಲ್ಕು ದಿನ ಅಮ್ಮ ಅಂಗನವಾಡಿಗೆ ವೆಂಕಟರತ್ನಮ್ಮನ ಮನೆ ಮುಂದೆ ಹೋಗದೆ, ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋದಳು. ಅಪ್ಪ ಯಾಕೆ ಎಂದು ಕೇಳಿದ್ದಕ್ಕೆ “ಆ ದಾರೀಲಿ ನಾಯಿ ಜಾಸ್ತಿ” ಅಂದಳು. ಆ ದಾರಿಯಲ್ಲಿ ನಾಯಿ ಇಲ್ಲ ಎಂದು ಚೈತ್ರಳಿಗೆ ಗೊತ್ತಿತ್ತು.

ಸಾರ್ ಹತ್ತಿರ ಹೋಗಿ ನಿಜ ಹೇಳಬೇಕು. ಅಲ್ಲಿಯವರೆಗೆ ಸುಲಭ. ಆದರೆ ಹೇಳಿದ ಕೂಡಲೇ ಸಾರ್ ಒಂದು ಪ್ರಶ್ನೆ ಕೇಳುತ್ತಾರೆ. ನಿಮ್ಮಮ್ಮ ನಮ್ಮನೇನೇ ಅಂದ್ರಲ್ಲ? ಅದಕ್ಕೆ ಏನು ಹೇಳುವುದು?

ಭಾನುವಾರ ಅವಳಿಗೆ ಒಂದು ಉತ್ತರ ಹೊಳೆಯಿತು. ‘ಅಮ್ಮಂಗೆ ದೂರದ್ದು ಸರಿಯಾಗಿ ಕಾಣಲ್ಲ ಸಾರ್.’ ಒಳ್ಳೆಯ ಉತ್ತರ. ಯಾರೂ ಅನುಮಾನ ಪಡುವುದಿಲ್ಲ. ಸೊಪ್ಪು ಕೊಯ್ಯುವಾಗ ಅದನ್ನು ನಾಲ್ಕೈದು ಸಲ ಮನಸ್ಸಿನಲ್ಲೇ ಹೇಳಿ ನೋಡಿದಳು.

ಬುಧವಾರ ಕಂಪ್ಯೂಟರ್ ರೂಮಿನಲ್ಲಿ ಸಾರ್ ಸಿ.ಡಿ. ಮೇಲೆ ಸ್ಕೆಚ್ ಪೆನ್ನಿನಲ್ಲಿ ಚೈತ್ರಳ ಹೆಸರು ಬರೆಯುತ್ತಿದ್ದರು. ಉಳಿದವರೆಲ್ಲ ಸುತ್ತ ನಿಂತಿದ್ದರು.

“ಸಾರ್, ಅದು ನಮ್ಮನೆ ಅಲ್ಲ.”

“ಯಾವುದಮ್ಮ?”

“ಆ ಗೋಡೆ. ಬೇರೆಯವ್ರ ಮನೇದು. ನಾನು ಅವ್ರಿಗೆ ಗೊತ್ತಿಲ್ದಂಗೆ ತೆಗೆದಿದ್ದು.”

ಸಾರ್ ಪೆನ್ನಿನ ಮುಚ್ಚಳ ಹಾಕಿದರು. “ಮತ್ತೆ ನಿಮ್ಮಮ್ಮ ನಮ್ಮನೇನೇ ಅಂದ್ರಲ್ಲ?”

ಉತ್ತರ ಬಾಯಿ ತುದಿಯಲ್ಲಿತ್ತು. ಅಮ್ಮಂಗೆ ದೂರದ್ದು ಸರಿಯಾಗಿ ಕಾಣಲ್ಲ. ಚೈತ್ರ ಬಾಯಿ ತೆರೆದಳು. ಅಮ್ಮ ಮುಂದೆ ಬಾಗಿ ಪಂಚೆ ನೋಡುತ್ತಿದ್ದದ್ದು ಕಣ್ಣಿಗೆ ಬಂತು. ಊರಿನ ಎಲ್ಲರಿಗಿಂತ ಚೆನ್ನಾಗಿ ನೋಡಿದವಳು ಅವಳೇ.

“ಅಮ್ಮಂಗೆ ಗೊತ್ತಿತ್ತು ಸಾರ್. ಆ ನಂಬರ್ ಬರೆದಿದ್ದು ಅಮ್ಮಾನೇ. ನೋಡಿದ ತಕ್ಷಣ ಗೊತ್ತಾಯ್ತು. ನಂಗೆ ಅವಮಾನ ಆಗ್ಬಾರ್ದು ಅಂತ ಹಂಗಂದ್ರು.”



“ನಂಗೆ ಅವತ್ತೇ ಡೌಟಿತ್ತು,” ಅಂದ ಸುನೀಲ್‌ಕುಮಾರ್. ಆದರೆ ದನಿ ಸಣ್ಣದಾಗಿತ್ತು.

ಸಾರ್ ಸಿ.ಡಿ.ಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಪ್ರದರ್ಶನಕ್ಕೆ ಇವತ್ತೇ ಕೊಡ್ಬೇಕಮ್ಮ. ಇನ್ನೊಂದು ಮಾಡೋಕೆ ಟೈಮಿಲ್ಲ. ಸುನೀಲಂದು ಕಳಿಸ್ತೀನಿ.”

“ಹೂಂ ಸಾರ್.” ಅವಳು ಅಲ್ಲೇ ನಿಂತಿದ್ದಳು. “ಕ್ಯಾಮೆರಾ ಇವತ್ತೊಂದಿನ ಕೊಡ್ತೀರಾ ಸಾರ್?”

“ಇನ್ನೇನಕ್ಕೆ? ಪ್ರದರ್ಶನಕ್ಕೆ ಹೋಗಲ್ವಲ್ಲ.”

“ಹೋಗಲ್ಲ ಸಾರ್. ಸುಮ್ನೆ ಕಟ್ಟಿಡ್ತೀನಿ.”

ಸಾರ್ ಒಂದು ಕ್ಷಣ ಅವಳನ್ನೇ ನೋಡಿ ಬ್ಯಾಗಿನಿಂದ ಕ್ಯಾಮೆರಾ ತೆಗೆದುಕೊಟ್ಟರು.

ಸಂಜೆ ಅಮ್ಮ ಅಂಗಳದಲ್ಲಿ ಚಂದ್ರಿಕೆಗಳನ್ನು ಒದರಿ ಜೋಡಿಸುತ್ತಿದ್ದಳು. ಇನ್ನೆರಡು ದಿನಕ್ಕೆ ಹುಳ ಹಣ್ಣಾಗಿ ಗೂಡು ಕಟ್ಟಲು ಶುರುಮಾಡುತ್ತವೆ. ಚೈತ್ರಳ ಕೈಯಲ್ಲಿ ಕ್ಯಾಮೆರಾ ನೋಡಿ ಅವಳ ಕೈ ನಿಂತಿತು.

“ಇನ್ಯಾರ ಮನೆ ಬಾಕಿ ಇತ್ತು?”

“ನಮ್ಮದು.”

ಅಮ್ಮ ಒಂದು ಚಂದ್ರಿಕೆಯನ್ನು ಒದರಿದಳು. ಧೂಳು ಎದ್ದಿತು.

“ಸಾರ್‌ಗೆ ಹೇಳ್ದೆ,” ಅಂದಳು ಚೈತ್ರ.

“ಏನಂತ?”

“ಅದು ನಮ್ಮನೆ ಅಲ್ಲ ಅಂತ.”

“ನನ್ನ ವಿಷಯ ಕೇಳಿದ್ರಾ?”

“ಕೇಳಿದ್ರು. ನಿಂಗೆ ಗೊತ್ತಿತ್ತು ಅಂದೆ.”

ಅಮ್ಮನ ಮುಖ ಕೆಂಪಗಾಯಿತು. ಅವಳು ಆ ಕಡೆ ತಿರುಗಿಕೊಂಡಳು. ಚಂದ್ರಿಕೆಯಲ್ಲಿ ಸಿಕ್ಕಿಕೊಂಡಿದ್ದ ಹಳೇ ರೇಷ್ಮೆ ಎಳೆಯೊಂದನ್ನು ಉಗುರಿನಲ್ಲಿ ಬಿಡಿಸತೊಡಗಿದಳು.

“ಗೊತ್ತಿತ್ತು,” ಅಂದಳು ಅಮ್ಮ ಕೊನೆಗೆ. ಆಮೇಲೆ, “ಇವನ್ನ ಸರಿಸ್ಲಾ?”

“ಬೇಡ. ಹಿಂಗೇ ಇರ್ಲಿ.”

“ಕಲೆ ಹೋಗ್ಲಿಲ್ಲ ನೋಡು. ತಿಕ್ಕಿದಷ್ಟೂ ಜಾಸ್ತಿ ಆಯ್ತು.”

“ಇರ್ಲಿ ಬಿಡಮ್ಮ.”

ಚೈತ್ರ ಹತ್ತು ಹೆಜ್ಜೆ ಹಿಂದೆ ಹೋದಳು. ಎರಡು ಬೆರಳಗಲದ ಪರದೆಯಲ್ಲಿ ಗೋಡೆ ಪೂರ್ತಿ ಬಂತು. ಬಿರುಕು, ಕೆಂಪು ಕಲೆ, ಇದ್ದಿಲಿನ ಅಕ್ಷರ, ಒರಗಿಸಿದ ಚಂದ್ರಿಕೆ. ನೋಡಲು ಚೆನ್ನಾಗೇನೂ ಇರಲಿಲ್ಲ. ಇದರ ಒಂದು ತುಂಡನ್ನು ತೆಗೆದುಕೊಂಡು ಪಕ್ಕ ಪಕ್ಕ ಜೋಡಿಸಲು ಆಗುವುದಿಲ್ಲ. ನಾಲ್ಕೂ ಕಡೆ ಬೇರೆ ಬೇರೆ ಫೋಟೋ ತೆಗೆಯಬೇಕು.

ಈ ಸಲ ಅವಳು ಮೂಲೆಯನ್ನೂ ನೋಡಿದಳು. ಬಾಗಿಲಿನ ಎಡಕ್ಕೆ, ಕೆಳಗಡೆ, ಬೆಳ್ಳಗೆ ಸಣ್ಣದಾಗಿ ಏನೋ ಇತ್ತು.

“ಅಮ್ಮಾ, ಸ್ವಲ್ಪ ಈ ಕಡೆ ಬಾ. ನಂಬರಿಗೆ ಅಡ್ಡ ನಿಂತಿದ್ದೀಯ.”

ಅಮ್ಮ ಪಕ್ಕಕ್ಕೆ ಸರಿದಳು. ಸರಿದವಳು ಬಗ್ಗಿ, ಐವತ್ತೆರಡರ ಮೇಲೆ ಕೂತಿದ್ದ ಧೂಳನ್ನು ಬಾಯಿಂದ ಊದಿದಳು.

ಚೈತ್ರ ಬಟನ್ ಒತ್ತಿದಳು.